ಹೊಸ ಸ್ಪೀಕರ್ ಹಾಕಿಸಿದ ಮೇಲೆ ತಬಲಾದ ಡಗ್ಗಾನೇ ಕೇಳಿಸುತ್ತಿಲ್ಲ

ಸಪ್ತಾಪುರ_ಶ್ರೋತೃ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ಕೆಲಸ ಅಣ್ಣಿಗೇರಿಯಲ್ಲಿ. ವಾರಕ್ಕೆ ಐದು ದಿನ ಕಾರಿನಲ್ಲಿ ಹೋಗಿ ಬರುತ್ತೇನೆ. ದಿನಕ್ಕೆ ಎರಡು ತಾಸಿಗಿಂತ ಜಾಸ್ತಿ ದಾರಿಯಲ್ಲೇ ಕಳೆಯುತ್ತದೆ. ಸಂಗೀತ ಕೇಳಲು ನನಗೆ ಸಿಗುವ ಹೊತ್ತು ಅದೊಂದೇ. ಮನೆಗೆ ಬಂದರೆ ಪುರಸೊತ್ತು ಇರುವುದಿಲ್ಲ.

ಗಾಡಿ 2013ರ ಹ್ಯಾಚ್‌ಬ್ಯಾಕ್. ಮುಂದಿನ ಸ್ಪೀಕರ್‌ಗಳ ಕಾಗದ ಹರಿದು ಪರಪರ ಅನ್ನುತ್ತಿತ್ತು. ಹೋದ ತಿಂಗಳು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಮುಂದಿನ ಎರಡು ಬಾಗಿಲಿಗೆ ಆರೂವರೆ ಇಂಚಿನ ಕೋ-ಆಕ್ಸಿಯಲ್ ಸ್ಪೀಕರ್ ಹಾಕಿಸಿದೆ. ಜೊತೆಗೆ ಒಂದು ಆಂಡ್ರಾಯ್ಡ್ ಸ್ಟೀರಿಯೋ. ಹಿಂದಿನ ಎರಡು ಸ್ಪೀಕರ್ ಹಳೆಯವೇ. ಅಂಗಡಿಯಲ್ಲಿ ಜೋರಾಗಿ ಹಚ್ಚಿ ತೋರಿಸಿದರು. ಅಗದಿ ಚಲೋ ಅನಿಸಿತು.

ಉಣಕಲ್ ದಾಟುವಷ್ಟರಲ್ಲಿ ಏನೋ ತಪ್ಪಿದೆ ಅಂತ ಗೊತ್ತಾಯಿತು. ಗಂಗೂಬಾಯಿ ಹಾನಗಲ್ ಅವರ ಹಳೆಯ ಧ್ವನಿಮುದ್ರಣ ಹಚ್ಚಿದ್ದೆ. ಅವರ ದನಿಯ ತೂಕ ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆ ತೂಕವೇ ಇಲ್ಲ. ಫೋನಿನಲ್ಲಿ ಯಾರೋ ಹಾಡಿದ ಹಾಗೆ ತೆಳ್ಳಗೆ ಕೇಳುತ್ತದೆ. ತಬಲಾದ ಬಲಗೈ ಪೆಟ್ಟು ಟಣ್ ಟಣ್ ಅಂತ ಬರುತ್ತದೆ, ಎಡಗೈಯ ಡಗ್ಗಾ ಪೂರ್ತಿ ಮಾಯ. ದನಿ ಎದುರಿನಿಂದ ಬರುವ ಬದಲು ತಲೆಯ ಸುತ್ತ ಎಲ್ಲೆಲ್ಲಿಂದಲೋ ಬಂದ ಹಾಗೆ ಇರುತ್ತದೆ. ಹತ್ತು ನಿಮಿಷ ಕೇಳಿದರೆ ತಲೆ ಭಾರ.

ಇನ್ನೂ ಎರಡು ತೊಂದರೆ ಇವೆ. ವಾಲ್ಯೂಮ್ 40ರಲ್ಲಿ 28 ದಾಟಿದರೆ ಸೌಂಡ್ ಕಿತ್ತುಕೊಂಡು ಬರುತ್ತದೆ. ಮತ್ತೆ, ಫೋನನ್ನು ಆಕ್ಸ್ ವೈರಿಗೆ ಹಚ್ಚಿದಾಗ ಒಂದು ಸಣ್ಣ ಕುಂಯ್ ಶಬ್ದ, ಆಕ್ಸಿಲರೇಟರ್ ಒತ್ತಿದಂತೆ ಅದೂ ಏರುತ್ತದೆ.

ಅಂಗಡಿಯವರನ್ನು ಕೇಳಿದರೆ “ಸಬ್ ವೂಫರ್ ಹಾಕಿಸಿ, ಹಿಂದಿನ ಸ್ಪೀಕರೂ ಬದಲಿಸಿ” ಅಂದರು. ಈಗಾಗಲೇ ಸಾಕಷ್ಟು ರೊಕ್ಕ ಹೋಗಿದೆ. ಮೊದಲು ಎಲ್ಲಿ ತಪ್ಪಾಗಿದೆ ಅಂತ ತಿಳಿಯಬೇಕು. ದಯವಿಟ್ಟು ಹೇಳಿ.

ಗೋಕುಲ_ರೋಡ್ · ಶನಿವಾರ, ರಾತ್ರಿ 10:05

ಆರೂವರೆ ಇಂಚಿನ ಸ್ಪೀಕರಿಗೆ ಸ್ಟೀರಿಯೋದ ಪವರ್ ಸಾಲುವುದಿಲ್ಲ. ಡಬ್ಬಿ ಮೇಲೆ 4×50 ವ್ಯಾಟ್ ಅಂತ ಬರೆದಿರುತ್ತದೆ, ಅದನ್ನು ನಂಬಬೇಡಿ. ಲೆಕ್ಕ ಸರಳ ಇದೆ. ಎಂಜಿನ್ ಚಾಲೂ ಇದ್ದಾಗ ಗಾಡಿಯಲ್ಲಿ ಸಿಗುವುದು 14.4 ವೋಲ್ಟ್ ಆಸುಪಾಸು. ಸ್ಪೀಕರ್ 4 ಓಮ್. ಒಂದು ಹನಿ ನಷ್ಟ ಇಲ್ಲ ಅಂದುಕೊಂಡರೂ ಶುದ್ಧ ಸೌಂಡಿಗೆ 26 ವ್ಯಾಟ್ ದಾಟಲ್ಲ. ಸ್ಟೀರಿಯೋದ ಐಸಿಯೊಳಗಿನ (ಸೌಂಡ್ ಹೆಚ್ಚಿಸುವ ಚಿಪ್) ನಷ್ಟ ಕಳೆದರೆ ಚಾನೆಲ್ಲಿಗೆ 18–20 ವ್ಯಾಟ್ ಬಂದರೆ ಹೆಚ್ಚು. ವಾಲ್ಯೂಮ್ 28 ದಾಟಿದರೆ ಕಿತ್ತುಕೊಂಡು ಬರುತ್ತದೆ ಅಂದಿರಲ್ಲ, ಅದು ಕ್ಲಿಪ್ಪಿಂಗ್. ಕೊಡಲಾಗದ್ದನ್ನು ಕೊಡಲು ಹೋಗಿ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಹೀಗೇ ಓಡಿಸಿದರೆ ಟ್ವೀಟರ್ (ಏರು ಸ್ವರದ ಸಣ್ಣ ಸ್ಪೀಕರ್) ಸುಡುತ್ತದೆ.

ನಾಲ್ಕು ಚಾನೆಲ್ಲಿನ ಒಂದು ಸಣ್ಣ ಆಂಪ್ಲಿಫೈಯರ್ ಹಾಕಿಸಿ. ನನ್ನ ಗಾಡಿಗೆ ಹಾಕಿಸಿದ ಮೇಲೆ ಬದುಕೇ ಬದಲಾದ ಹಾಗೆ ಅನಿಸಿತು, ಖರೆ ಹೇಳುತ್ತೇನೆ.

ಬೆಟಗೇರಿ_ವೈರಿಂಗ್ · ಶನಿವಾರ, ರಾತ್ರಿ 10:50

ಗೋಕುಲ ರೋಡ್ ಅವರ ವ್ಯಾಟಿನ ಲೆಕ್ಕ ಸರಿ ಇದೆ. ಆದರೆ ಇಲ್ಲಿ ಮೊದಲು ಅದಕ್ಕೆ ಕೈ ಹಾಕಬೇಡಿ. ಪವರ್ ಕಡಿಮೆ ಆದರೆ ಎಲ್ಲ ಸೌಂಡೂ ಸಣ್ಣಗೆ ಬರಬೇಕು. ಕಡಿಮೆ ವಾಲ್ಯೂಮಿನಲ್ಲೂ ಡಗ್ಗಾ ಒಂದೇ ಮಾಯ ಆಗುವುದು ಪವರಿನ ತಪ್ಪಲ್ಲ.

ನಾನು ಗದಗ-ಬೆಟಗೇರಿಯಲ್ಲಿ ಇಪ್ಪತ್ತು ವರ್ಷದಿಂದ ಗಾಡಿ ವೈರಿಂಗ್ ಮಾಡುತ್ತಿದ್ದೇನೆ. ವೀರೇಶ್ವರ ಪುಣ್ಯಾಶ್ರಮದ ತಬಲಾ ಕೇಳುತ್ತಾ ಬೆಳೆದವನು. ಡಗ್ಗಾ ಇಲ್ಲ, ದನಿ ತಲೆಯ ಸುತ್ತ ತೇಲುತ್ತದೆ ಅಂದ ಕೂಡಲೇ ನನಗೆ ಅನಿಸಿದ್ದು ಒಂದೇ: ಒಂದು ಸ್ಪೀಕರಿನ ಪ್ಲಸ್ ಮೈನಸ್ ಉಲ್ಟಾ ಆಗಿದೆ. ಎಡಗಡೆಯದು ಮುಂದಕ್ಕೆ ತಳ್ಳುವಾಗ ಬಲಗಡೆಯದು ಹಿಂದಕ್ಕೆ ಎಳೆಯುತ್ತದೆ. ಇದು ಗಾಳಿ ಕೊಟ್ಟರೆ ಅದು ಕಸಿದುಕೊಳ್ಳುತ್ತದೆ.

ಏನನ್ನೂ ಬಿಚ್ಚದೆ ನೋಡಬಹುದು. ಎಂಜಿನ್ ಆಫ್ ಮಾಡಿ, ಶಾಂತ ಜಾಗದಲ್ಲಿ ಗಾಡಿ ನಿಲ್ಲಿಸಿ. ಫೇಡರ್ ಪೂರ್ತಿ ಮುಂದಕ್ಕೆ ತನ್ನಿ, ಹಿಂದಿನ ಸ್ಪೀಕರ್ ಬಂದ್ ಆಗಲಿ. ಡಗ್ಗಾ ಚೆನ್ನಾಗಿ ಇರುವ ಹಾಡು ಹಚ್ಚಿ. ಬ್ಯಾಲೆನ್ಸ್ ಮಧ್ಯದಲ್ಲಿಟ್ಟು ಕೇಳಿ. ಆಮೇಲೆ ಮೆಲ್ಲಗೆ ಪೂರ್ತಿ ಎಡಕ್ಕೆ ಸರಿಸಿ. ಒಂದು ಸ್ಪೀಕರ್ ಬಂದ್ ಆಗುತ್ತಿದೆ, ಅಂದರೆ ಡಗ್ಗಾ ಕಡಿಮೆ ಆಗಬೇಕು. ಕಡಿಮೆ ಆಗದೆ ಜಾಸ್ತಿ ಆಯಿತು ಅಂದರೆ ಉಲ್ಟಾ ಇರುವುದು ಖಾತ್ರಿ.

ಇಷ್ಟು ಮಾಡಿ ಹೇಳಿ. ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಕೆಲಗೇರಿ_ದಂಡೆ · ಭಾನುವಾರ, ಬೆಳಿಗ್ಗೆ 7:15

ಬೆಟಗೇರಿಯವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು.

ಉಲ್ಟಾ ಆದರೆ ಡಗ್ಗಾ ಮಾತ್ರ ಯಾಕೆ ಹೋಗುತ್ತದೆ, ತಾಳ, ತಂಬೂರಿಯ ಝೇಂಕಾರ ಯಾಕೆ ಉಳಿಯುತ್ತದೆ ಅಂತ ಹಲವರು ಕೇಳುತ್ತಾರೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಡಗ್ಗಾದ ತುಂಬು ನಾದ 100 ಹರ್ಟ್ಜ್ ಆಸುಪಾಸಿನದು. ಅದರ ಒಂದು ಅಲೆಯ ಉದ್ದ ಸುಮಾರು 3.4 ಮೀಟರ್. ಕಾರಿನ ಎರಡು ಬಾಗಿಲ ನಡುವೆ ಒಂದೂಕಾಲು, ಒಂದೂವರೆ ಮೀಟರ್ ಇರಬಹುದು. ಅಷ್ಟು ಉದ್ದದ ಅಲೆಗೆ ಈ ಅಂತರ ಲೆಕ್ಕಕ್ಕಿಲ್ಲ. ಎರಡೂ ಕಡೆಯಿಂದ ಬಂದ ಅಲೆಗಳು ಹೆಚ್ಚುಕಡಿಮೆ ಪೂರ್ತಿ ಒಂದನ್ನೊಂದು ಕಳೆದು ಹಾಕುತ್ತವೆ. 3,000 ಹರ್ಟ್ಜ್ ಸ್ವರದ ಅಲೆ ಹನ್ನೊಂದು ಸೆಂಟಿಮೀಟರ್ ಅಷ್ಟೇ. ನೀವು ತಲೆ ಸ್ವಲ್ಪ ಅಲ್ಲಾಡಿಸಿದರೂ ಒಂದು ಕಡೆ ಕಳೆಯುತ್ತದೆ, ಇನ್ನೊಂದು ಕಡೆ ಕೂಡುತ್ತದೆ. ಅದಕ್ಕೇ ಅದು ಉಳಿಯುತ್ತದೆ, ಆದರೆ ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ತಿಳಿಯುವುದಿಲ್ಲ. ತಲೆ ಭಾರ ಆಗುವುದೂ ಇದಕ್ಕೇ ಇರಬೇಕು.

ಸಪ್ತಾಪುರ_ಶ್ರೋತೃ · ಭಾನುವಾರ, ಬೆಳಿಗ್ಗೆ 10:30

ಈಗಷ್ಟೇ ನೋಡಿಕೊಂಡು ಬಂದೆ. ವಿಶ್ವವಿದ್ಯಾಲಯದ ಕ್ಯಾಂಪಸ್ ರಸ್ತೆಯಲ್ಲಿ ಮರದ ಕೆಳಗೆ ನಿಲ್ಲಿಸಿ, ಗಾಜು ಏರಿಸಿ, ಹೇಳಿದ ಹಾಗೇ ಮಾಡಿದೆ. ವಿಲಂಬಿತ ಏಕತಾಳದ ಒಂದು ಖಯಾಲ್ ಹಚ್ಚಿದ್ದೆ. ಮಧ್ಯದಲ್ಲಿದ್ದಾಗ ಏನೂ ಇಲ್ಲ. ಬ್ಯಾಲೆನ್ಸನ್ನು ಎಡಕ್ಕೆ ಸರಿಸುತ್ತಾ ಹೋದೆ. ಕೊನೆಗೆ ಮುಟ್ಟುವಷ್ಟರಲ್ಲಿ ಡಗ್ಗಾ ಎದ್ದು ಬಂತು. ಒಂದೇ ಸ್ಪೀಕರಿನಲ್ಲಿ! ಬಲಕ್ಕೆ ಒಯ್ದರೂ ಹಾಗೇ. ಮಧ್ಯಕ್ಕೆ ತಂದರೆ ಮತ್ತೆ ಮಾಯ.

ಒಂದು ತಿಂಗಳಿಂದ ಸುಮ್ನೆ ನನ್ನ ಕಿವಿಯನ್ನೇ ಅನುಮಾನಿಸಿದ್ದೆ. ಈಗ ಯಾವುದು ಉಲ್ಟಾ ಇದೆ ಅಂತ ಹೇಗೆ ತಿಳಿಯುವುದು?

ಬೆಟಗೇರಿ_ವೈರಿಂಗ್ · ಭಾನುವಾರ, ಬೆಳಿಗ್ಗೆ 11:10

ಸಂತೋಷ ಆಯಿತು. ಈಗ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಒಂದು ಸೆಲ್ ಸಾಕು.

ಬಾಗಿಲಿನ ಪ್ಯಾನೆಲ್ ಬಿಚ್ಚಿ. ಮೊದಲು ಹಿಡಿಕೆಯ ಹಿಂದೆ, ಕೈ ಇಡುವ ಕಡೆ ಇರುವ ಸ್ಕ್ರೂ ತೆಗೆಯಿರಿ. ಆಮೇಲೆ ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕ್ಲಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿ ಕೀಳಬೇಡಿ, ಕ್ಲಿಪ್ ಮುರಿದರೆ ಮುಂದೆ ಅದೇ ಗಡಗಡ ಅನ್ನುತ್ತದೆ.

ಸ್ಪೀಕರಿನಿಂದ ಎರಡೂ ವೈರ್ ಬಿಡಿಸಿ. ಇದು ಮುಖ್ಯ. ಸ್ಟೀರಿಯೋಗೆ ಜೋಡಿಸಿದ ವೈರಿಗೆ ಸೆಲ್ ಹಿಡಿಯಬಾರದು. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ ಪತ್ತಿಗೆ (ವೈರ್ ಸಿಗಿಸುವ ತಗಡಿನ ತುದಿ), ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿ ಬಿಡಿ. ಟಪ್ ಅಂತ ಕಾಗದ ಹೊರಗೆ ಬರಬೇಕು. ಒಳಗೆ ಹೋದರೆ ಸ್ಪೀಕರಿನ ಗುರುತೇ ತಪ್ಪು. ಸಾಮಾನ್ಯವಾಗಿ ಅಗಲ ಪತ್ತಿ ಪ್ಲಸ್, ಸಣ್ಣದು ಮೈನಸ್.

ಸ್ಪೀಕರ್ ಸರಿ ಇದ್ದರೆ ವೈರ್ ನೋಡಿ. ಹೊರಗಿನಿಂದ ಕೊಂಡ ಸ್ಟೀರಿಯೋಗಳ ವೈರಿನಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್. ಆದರೆ ಗಾಡಿಯ ಕಂಪನಿ ವೈರಿಗೆ ಈ ಬಣ್ಣಗಳು ಅನ್ವಯಿಸುವುದಿಲ್ಲ. ತಪ್ಪು ಆಗುವುದೇ ಇವೆರಡು ಕೂಡುವ ಜಾಗದಲ್ಲಿ. ಸ್ಟೀರಿಯೋ ಹೊರಗೆ ಎಳೆದು, ಅಲ್ಲಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಡಿಸಿ, ಗಾಡಿಯ ಕಡೆ ವೈರಿಗೆ ಸೆಲ್ ಮುಟ್ಟಿಸಿ. ಬಾಗಿಲ ಹತ್ತಿರ ಇನ್ನೊಬ್ಬರು ಕಾಗದದ ಮೇಲೆ ಬೆರಳು ಇಟ್ಟು ಹೇಳಲಿ. ಇಡೀ ದಾರಿ ಒಂದೇ ಸಲ ಪರೀಕ್ಷೆ ಆಗುತ್ತದೆ.

ಬ್ಯಾಡಗಿ_ಟ್ಯಾಕ್ಸಿ · ಭಾನುವಾರ, ಮಧ್ಯಾಹ್ನ 1:20

ನಮ್ಮ ಕಡೆ ಕೆಲವರು ಒಂದೇ ಪ್ಲಸ್ ವೈರ್ ಎಳೆದು ಮೈನಸ್ಸನ್ನು ಗಾಡಿಯ ಬಾಡಿಯ ತಗಡಿಗೆ ಕೊಟ್ಟುಬಿಡುತ್ತಾರೆ. ನನ್ನ ಹಳೆ ಗಾಡಿಯಲ್ಲಿ ಹಾಗೇ ಇತ್ತು, ನಡೆಯುತ್ತಿತ್ತು. ಹಾಗೆ ಮಾಡಿದರೆ ಉಲ್ಟಾ ಆಗುವ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ?

ಬೆಟಗೇರಿ_ವೈರಿಂಗ್ · ಭಾನುವಾರ, ಮಧ್ಯಾಹ್ನ 1:45

ಅಣ್ಣಾ, ಈಗಿನ ಸ್ಟೀರಿಯೋಗೆ ಹಾಗೆ ಯಾರೂ ಮಾಡಬೇಡಿ. ಬಹಳ ಹಳೆಯ ಕ್ಯಾಸೆಟ್ ಕಾಲದ ಸೆಟ್‌ಗಳಲ್ಲಿ ಅದು ನಡೆಯುತ್ತಿತ್ತು. ಈಗ ಪ್ರತಿ ಸ್ಪೀಕರಿಗೂ ಎರಡೂ ವೈರಿನಲ್ಲಿ ಸೌಂಡ್ ಬರುತ್ತದೆ. ಮೈನಸ್ ಅಂದರೆ ಅರ್ಥ್ ಅಲ್ಲ. ಅದನ್ನು ಬಾಡಿಯ ತಗಡಿಗೆ ಮುಟ್ಟಿಸಿದರೆ ಔಟ್‌ಪುಟ್ ಐಸಿ ಬಿಸಿಯಾಗಿ ಬಂದ್ ಆಗುತ್ತದೆ, ಇಲ್ಲವೇ ಸುಡುತ್ತದೆ. ಟೇಪ್ ಸುತ್ತಿದ ಗಂಟು ಬಿಚ್ಚಿ ತಗಡಿಗೆ ತಾಗಿದರೂ ಅದೇ ಗತಿ. ಎಲ್ಲ ಗಂಟನ್ನೂ ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ ಏರಿಸಿ.

ನವನಗರ_ಅಕ್ಕ · ಭಾನುವಾರ, ಮಧ್ಯಾಹ್ನ 3:00

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೆ. ಪೆನ್ ಡ್ರೈವ್ ಚಲೋ ಕೇಳುತ್ತದೆ. ರೇಡಿಯೋ ಮಾತ್ರ ಬರೀ ಸುಯ್ ಅನ್ನುತ್ತದೆ. ಮೊದಲು ಇದೇ ಗಾಡಿಯಲ್ಲಿ ಆಕಾಶವಾಣಿ ಸ್ವಚ್ಛ ಬರುತ್ತಿತ್ತು. ಧಾರವಾಡ ನಿಲಯ ಶುರುವಾಗಿದ್ದು 1950ರಲ್ಲಿ. ನಮ್ಮ ಅಪ್ಪನ ಕಾಲದಿಂದ ಮನೆಯಲ್ಲಿ ಬೆಳಗಾಗುವುದೇ ಅದರಿಂದ. ಊರೊಳಗೇ ಇದ್ದು ಅದು ಕೇಳದಿದ್ದರೆ ಬೇಜಾರಾಗುತ್ತದೆ.

ಬೆಟಗೇರಿ_ವೈರಿಂಗ್ · ಭಾನುವಾರ, ಮಧ್ಯಾಹ್ನ 3:25

ಅಕ್ಕಾ, ನಿಮ್ಮ ಗಾಡಿಯ ಆಂಟೆನಾ ಮಾಳಿಗೆ ಮೇಲೆ ಗಿಡ್ಡಗೆ ಇದೆಯಾ? ಅಂಥವುಗಳಲ್ಲಿ ಹೆಚ್ಚಾಗಿ ಬುಡದಲ್ಲಿ ಒಂದು ಸಣ್ಣ ಬೂಸ್ಟರ್ ಇರುತ್ತದೆ. ಅದಕ್ಕೆ 12 ವೋಲ್ಟ್ ಬೇಕು. ಹೊಸ ಸ್ಟೀರಿಯೋದ ಹಿಂದೆ ಒಂದು ನೀಲಿ ವೈರ್ ಇರುತ್ತದೆ, ಅದನ್ನು ಬೂಸ್ಟರಿನ ವೈರಿಗೆ ಸೇರಿಸಬೇಕು. ಬಹಳ ಜನ ಅದನ್ನು ಹಾಗೇ ಟೇಪ್ ಸುತ್ತಿ ಬಿಡುತ್ತಾರೆ. ಜೊತೆಗೆ ಆಂಟೆನಾ ಪಿನ್ ಪೂರ್ತಿ ಒಳಗೆ ಕೂತಿದೆಯಾ ನೋಡಿ. ಲೈಟರ್ ಜಾಗದಲ್ಲಿ ಅಗ್ಗದ ಫೋನ್ ಚಾರ್ಜರ್ ಇದ್ದರೆ ಅದನ್ನೂ ಕಿತ್ತು ಕೇಳಿ. ಮೀಡಿಯಂ ವೇವ್ ಕೆಡಿಸುವುದರಲ್ಲಿ ಅವು ಭಾಳ ಮುಂದು.

ಸಪ್ತಾಪುರ_ಶ್ರೋತೃ · ಭಾನುವಾರ, ಸಂಜೆ 6:50

ಮಗಳನ್ನು ಸಹಾಯಕ್ಕೆ ಕೂರಿಸಿಕೊಂಡು ಎರಡೂ ಬಾಗಿಲು ಬಿಚ್ಚಿದೆ. ಕಂಡದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಬಲಗಡೆಯದು ಸರಿ ಇತ್ತು. ಎಡಗಡೆಯ ವೈರಿಗೆ ಸ್ಟೀರಿಯೋ ಹತ್ತಿರ ಸೆಲ್ ಮುಟ್ಟಿಸಿದರೆ “ಅಪ್ಪಾ, ಒಳಗೆ ಹೋಯಿತು” ಅಂದಳು. ಮೂರು ಸಲ ಮಾಡಿದೆ, ಮೂರು ಸಲವೂ ಒಳಗೆ. ಸ್ಪೀಕರಿನ ಗುರುತು ಸರಿ ಇತ್ತು. ಸ್ಪೀಕರ್ ಹತ್ತಿರವೇ ಕಂಪನಿಯ ಕಪ್ಲರ್ ಕತ್ತರಿಸಿ, ಎರಡು ವೈರ್ ಹೊಸೆದು, ಕರಿ ಟೇಪ್ ಸುತ್ತಿದ್ದರು. ಅಲ್ಲೇ ಅದಲುಬದಲು ಆಗಿತ್ತು. ಟೇಪಿನ ಅಂಟು ಸೆಕೆಗೆ ಕರಗಿ ಬೆರಳಿಗೆ ಹತ್ತುತ್ತಿತ್ತು. ಬಿಚ್ಚಿದರೆ ಒಳಗಿನ ತಾಮ್ರ ಆಗಲೇ ಕಪ್ಪಾಗಿತ್ತು.

ಅದಕ್ಕಿಂತ ಬೇಜಾರಾದದ್ದು ಬೇರೆ. ನಾಲ್ಕು ಸ್ಕ್ರೂ ಇರಬೇಕಾದ ಕಡೆ ಎರಡೇ ಇವೆ. ಹಳೆ ಸ್ಪೀಕರಿನ ತೂತು ದೊಡ್ಡದು, ಹೊಸದು ಸಣ್ಣದು, ನಡುವೆ ರಿಂಗೇ ಇಲ್ಲ. ಕೆಳಗಡೆ ನನ್ನ ಕಿರುಬೆರಳು ತೂರುವಷ್ಟು ಸಂದು. ಬಾಗಿಲಿನ ತಗಡಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕೊಯ್ದು ಕೆಳಗೆ ತುರುಕಿದ್ದಾರೆ.

ವೈರ್ ಸರಿ ಮಾಡಿ, ಸದ್ಯಕ್ಕೆ ಹಾಗೇ ಕೂರಿಸಿ ಕೇಳಿದೆ. ದನಿ ಎದುರಿಗೆ ಬಂತು. ಡ್ಯಾಶ್‌ಬೋರ್ಡಿನ ಮೇಲೆ ಹಾಡುವವರು ಕೂತ ಹಾಗೆ. ಡಗ್ಗಾ ಕೇಳುತ್ತದೆ, ಆದರೆ ಇನ್ನೂ ಬೋಳು ಬೋಳಾಗಿದೆ. ಅಂಗೈ ಜಾರಿಸಿ ಮೀಂಡ್ ಎಳೆದಾಗ ಆ ಗುಂಯ್‌ಕಾರ ಪೂರ್ತಿ ಬರುತ್ತಿಲ್ಲ.

ಕೆಲಗೇರಿ_ದಂಡೆ · ಭಾನುವಾರ, ರಾತ್ರಿ 8:00

ಆ ಕಿರುಬೆರಳಿನ ಸಂದು ಚಿಕ್ಕದಲ್ಲ. ಸ್ಪೀಕರಿನ ಕಾಗದ ಮುಂದೆ ತಳ್ಳಿದಾಗ ಬೆನ್ನಲ್ಲಿ ಅಷ್ಟೇ ಎಳೆಯುತ್ತದೆ. ಮುಂದಿನ ಅಲೆಗೂ ಹಿಂದಿನ ಅಲೆಗೂ ನಡುವೆ ಗೋಡೆ ಬೇಕು. ನಿಮ್ಮ ಕಾರಿನಲ್ಲಿ ಆ ಗೋಡೆ ಬಾಗಿಲಿನ ಒಳ ತಗಡು. ಅದರಲ್ಲಿ ಸಂದು ಇದ್ದರೆ ಮಂದ್ರದ ಅಲೆ ಸುತ್ತಿ ಬಂದು ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಎರಡು ಸ್ಪೀಕರಿನ ನಡುವೆ ಆದದ್ದೇ ಈಗ ಒಂದೇ ಸ್ಪೀಕರಿನೊಳಗೆ ಆಗುತ್ತಿದೆ.

ಗೋಕುಲ_ರೋಡ್ · ಭಾನುವಾರ, ರಾತ್ರಿ 8:20

ಒಪ್ಪುತ್ತೇನೆ, ನಾನು ಆಂಪ್ಲಿಫೈಯರ್ ಅಂದದ್ದು ಅವಸರ ಆಯಿತು. ಇಂಥ ಬಾಗಿಲಿಗೆ ಎಷ್ಟು ಪವರ್ ಕೊಟ್ಟರೂ ಅಷ್ಟೇ. ಪವರ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬಲ್. ಸಂದು ಮುಚ್ಚಿದರೆ ಮಂದ್ರದಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತದೆ.

ಇನ್ನೊಂದು ನೋಡಿ. ಸ್ಟೀರಿಯೋದ ಸೌಂಡ್ ಸೆಟ್ಟಿಂಗಿನಲ್ಲಿ ಹೈಪಾಸ್ ಫಿಲ್ಟರ್ ಅಂತ ಇರುತ್ತದೆ. ಅದು ಹೇಳಿದ ಅಂಕಿಗಿಂತ ಕೆಳಗಿನ ಸ್ವರವನ್ನು ಸ್ಪೀಕರಿಗೆ ಬಿಡುವುದಿಲ್ಲ. ಸಬ್ ವೂಫರ್ ಇರುವ ಗಾಡಿಗೆ ಮುಂದಿನ ಬಾಗಿಲಿಗೆ 80 ಹರ್ಟ್ಜ್ ಇಡುವುದು ರೂಢಿ. ನಿಮಗೆ ಸಬ್ ಇಲ್ಲ, 50 ಅಥವಾ 60 ಇಡಿ. ಪೂರ್ತಿ ಆಫ್ ಮಾಡಬೇಡಿ, ತೀರಾ ಕೆಳಗಿನದನ್ನು ಎಳೆಯಲು ಹೋಗಿ ಕಾಗದ ಸುಮ್ನೆ ಒದ್ದಾಡುತ್ತದೆ. ಬಾಸ್ ಬೂಸ್ಟ್, ಲೌಡ್‌ನೆಸ್ ಎರಡೂ ಬಂದ್ ಮಾಡಿ. ಇಕ್ವಲೈಜರ್ ಎಲ್ಲ ಸೊನ್ನೆಗೆ ತನ್ನಿ.

ಬ್ಯಾಡಗಿ_ಟ್ಯಾಕ್ಸಿ · ಭಾನುವಾರ, ರಾತ್ರಿ 9:10

ರಿಂಗ್ ವಿಷಯದಲ್ಲಿ ನನ್ನ ಅನುಭವ ಹೇಳಲೇಬೇಕು. ನಾನು ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ) ಹಲಗೆಯ ರಿಂಗ್ ಕೊರೆಸಿ ಹಾಕಿದ್ದೆ. ಬೇಸಿಗೆಯಲ್ಲಿ ಸೌಂಡ್ ಗಟ್ಟಿ ಇತ್ತು. ಮಳೆಗಾಲದಲ್ಲಿ ಶಿರಸಿ ಕಡೆ ಬಾಡಿಗೆ ಜಾಸ್ತಿ. ಆಗಸ್ಟ್ ಮುಗಿಯುವಷ್ಟರಲ್ಲಿ ರಿಂಗ್ ನೆನೆದ ರೊಟ್ಟಿಯ ಹಾಗೆ ಉಬ್ಬಿ ಸ್ಕ್ರೂ ಹಿಡಿಯದಾಯಿತು. ಸ್ಪೀಕರ್ ವಾಲಿಕೊಂಡು ಗಾಜಿಗೆ ತಾಗುತ್ತಿತ್ತು.

ಬಾಗಿಲೊಳಗೆ ನೀರು ಇಳಿದೇ ಇಳಿಯುತ್ತದೆ. ಗಾಜಿನ ಗುಂಟ ಬಂದು ಕೆಳಗಿನ ತೂತಿನಿಂದ ಹೊರಗೆ ಹೋಗಬೇಕು. ಧಾರವಾಡದ ಜಿಟಿಜಿಟಿ ಮಳೆಯೂ ಕಡಿಮೆ ಏನಲ್ಲ. ಈಗ ನಾನು ಪ್ಲಾಸ್ಟಿಕ್ ರಿಂಗ್ ಹಾಕಿದ್ದೇನೆ. ಮೂರನೇ ಮಳೆಗಾಲ, ಹಂಗೇ ಇದೆ. ಹಾಕುವಾಗ ಕೆಳಗಿನ ನೀರಿನ ತೂತಿನಲ್ಲಿ ಕಡ್ಡಿ ಆಡಿಸಿ. ನನ್ನದರಲ್ಲಿ ಮಣ್ಣು, ಎಲೆ ಸೇರಿ ಪೂರ್ತಿ ಕಟ್ಟಿಕೊಂಡಿತ್ತು.

ಬೆಟಗೇರಿ_ವೈರಿಂಗ್ · ಭಾನುವಾರ, ರಾತ್ರಿ 10:00

ಬ್ಯಾಡಗಿಯವರ ಮಾತು ನೂರಕ್ಕೆ ನೂರು. ಅವರು ಹೇಳಿದ ಪ್ಲಾಸ್ಟಿಕ್ ರಿಂಗ್ ನಿಮ್ಮ ಗಾಡಿಯ ತೂತಿಗೆ ಅಳತೆ ಹೊಂದುವುದೇ ಸಿಗುತ್ತದೆ. ಅದರ ಎರಡೂ ಬದಿಗೆ ಫೋಮ್ ಪಟ್ಟಿ ಅಂಟಿಸಿ, ನಾಲ್ಕೂ ಸ್ಕ್ರೂ ಸಮನಾಗಿ ಬಿಗಿಯಿರಿ.

ಪ್ಲಾಸ್ಟಿಕ್ ಹಾಳೆ ಕೊಯ್ದವರ ಮೇಲೆ ನನಗೆ ಖರೆ ಸಿಟ್ಟು ಬರುತ್ತದೆ. ಅದು ಪ್ಯಾಕಿಂಗ್ ಹಾಳೆ ಅಲ್ಲ. ನೀರು ಗಾಡಿಯೊಳಗೆ ಬಾರದ ಹಾಗೆ ತಡೆಯುವುದು ಅದೇ. ಅದಿಲ್ಲದಿದ್ದರೆ ಜುಲೈನಲ್ಲಿ ಕಾಲಡಿಯ ಮ್ಯಾಟ್ ವಾಸನೆ ಹೊಡೆಯುತ್ತದೆ. ದಪ್ಪ ಪ್ಲಾಸ್ಟಿಕ್ ತಂದು, ಬ್ಯುಟೈಲ್ ಅಂಟಿನ ಹಗ್ಗ ಸುತ್ತ ಹಚ್ಚಿ ಹೊಸದು ಅಂಟಿಸಿ.

ಕೈಯಲ್ಲಿ ರೊಕ್ಕ ಇದ್ದರೆ ಡ್ಯಾಂಪಿಂಗ್ ಶೀಟ್ ಹಾಕಿ. 2 ಮಿಲಿಮೀಟರ್ ದಪ್ಪದ ಬ್ಯುಟೈಲ್, ಮೇಲೆ ಅಲ್ಯುಮಿನಿಯಂ ಹಾಳೆ ಇರುವುದು. ಹೊರಗಿನ ತಗಡನ್ನು ಬೆರಳಿನಿಂದ ಬಡಿಯಿರಿ, ಡಣ್ ಅನ್ನುತ್ತದೆ. ಅದರ ಕಾಲು ಭಾಗಕ್ಕೆ ಹಚ್ಚಿ ಒತ್ತಿದರೂ ಡಬ್ ಅನ್ನುತ್ತದೆ. ಮೊದಲು ತಗಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಮಾಳಿಗೆ ಸೋರಿಕೆಗೆ ಹಚ್ಚುವ ಡಾಂಬರು ಟೇಪ್ ಅಗ್ಗ ಅಂತ ತರಬೇಡಿ, ನಮ್ಮ ಬಿಸಿಲಿಗೆ ಇಳಿದು ಬರುತ್ತದೆ, ವಾಸನೆಯೂ ಹೋಗುವುದಿಲ್ಲ. ನೀರಿನ ತೂತು ಮುಚ್ಚಬೇಡಿ. ಪ್ಯಾನೆಲ್ ಹಾಕುವ ಮೊದಲು ಗಾಜು ಒಮ್ಮೆ ಏರಿಸಿ ಇಳಿಸಿ ನೋಡಿ.

ರಾಣೆಬೆನ್ನೂರು_ಹೊಸಬ · ಸೋಮವಾರ, ಬೆಳಿಗ್ಗೆ 8:15

ಇಲ್ಲಿಯದೆಲ್ಲ ಓದಿ ಭಾಳ ಕಲಿತೆ. ನನ್ನದೂ ಒಂದು ಪ್ರಶ್ನೆ. ನನ್ನ ಗಾಡಿಯ ಬಲ ಬಾಗಿಲಿನ ಸ್ಪೀಕರ್ ಬಾಗಿಲು ತೆರೆದರೆ ಹಾಡುತ್ತದೆ, ಮುಚ್ಚಿದರೆ ಬಂದ್. ಮಲ್ಟಿಮೀಟರ್ ಹಚ್ಚಿದೆ. ಸ್ಪೀಕರ್ 3.4 ಓಮ್ ತೋರಿಸುತ್ತದೆ. 4 ಓಮ್ ಇರಬೇಕಲ್ಲ, ಸುಟ್ಟಿದೆಯಾ? ಮೇಲಿನ ಟ್ವೀಟರ್ ಏನೂ ತೋರಿಸುವುದಿಲ್ಲ.

ಬೆಟಗೇರಿ_ವೈರಿಂಗ್ · ಸೋಮವಾರ, ಬೆಳಿಗ್ಗೆ 9:00

ಸ್ಪೀಕರ್ ಚಲೋ ಇದೆ. ಮೀಟರ್ ತೋರಿಸುವುದು ಸುರುಳಿಯ ತಂತಿಯ ರೆಸಿಸ್ಟೆನ್ಸ್. 4 ಓಮ್ ಸ್ಪೀಕರಿಗೆ 3.2ರಿಂದ 3.8 ಬಂದರೆ ಆರೋಗ್ಯ. ಏನೂ ತೋರಿಸದಿದ್ದರೆ ಸುರುಳಿ ಹರಿದಿದೆ. 1 ಓಮಿಗಿಂತ ಕಡಿಮೆ ಬಂದರೆ ಒಳಗೆ ಶಾರ್ಟ್. ಟ್ವೀಟರಿಗೆ ಸಾಲಿನಲ್ಲಿ ಒಂದು ಕೆಪಾಸಿಟರ್ ಇರುತ್ತದೆ, ಅದು ಮೀಟರಿನ ಕರೆಂಟ್ ಬಿಡುವುದಿಲ್ಲ. ಕೆಪಾಸಿಟರ್ ದಾಟಿ ಟ್ವೀಟರಿನ ಪತ್ತಿಗೇ ನೇರ ಹಿಡಿದು ನೋಡಿ, ಆಗ ತಿಳಿಯುತ್ತದೆ.

ನಿಮ್ಮ ತೊಂದರೆ ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಕೊಳವೆಯೊಳಗೆ. ಬಾಗಿಲು ಸಾವಿರಾರು ಸಲ ತೆರೆದು ಮುಚ್ಚಿ ವೈರ್ ಒಳಗೇ ಕಡಿದಿರುತ್ತದೆ, ಮೇಲಿನ ಕವರ್ ಚೆನ್ನಾಗಿ ಕಾಣುತ್ತದೆ. ರಬ್ಬರ್ ಸರಿಸಿ ಒಂದೊಂದೇ ವೈರ್ ಹಗುರ ಎಳೆಯಿರಿ. ಕಡಿದದ್ದು ರಬ್ಬರಿನ ಹಾಗೆ ಜಗ್ಗುತ್ತದೆ. ಅಲ್ಲಿ ಗಂಟು ಹಾಕಬೇಡಿ, ಬೇಗ ಮತ್ತೆ ಕಡಿಯುತ್ತದೆ. ಕೊಳವೆಯ ಆಚೆ ಈಚೆ ಸೇರುವಷ್ಟು ಉದ್ದದ ಹೊಸ ತಾಮ್ರದ ವೈರ್ ಹಾಕಿ. ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಇರುವ ವೈರ್ ಸಿಗುತ್ತದೆ, ಅದು ಬಾಗುವ ಜಾಗಕ್ಕೆ ಬೇಡ.

ಸಪ್ತಾಪುರ_ಶ್ರೋತೃ · ಬುಧವಾರ, ರಾತ್ರಿ 9:30

ಮೂರು ದಿನ ಸಂಜೆ ಸ್ವಲ್ಪ ಸ್ವಲ್ಪ ಕೆಲಸ ಮಾಡಿ ಮುಗಿಸಿದೆ. ಪ್ಲಾಸ್ಟಿಕ್ ರಿಂಗ್, ಫೋಮ್, ನಾಲ್ಕು ಸ್ಕ್ರೂ, ಹೊಸ ಹಾಳೆ. ಎರಡು ಬಾಗಿಲಿಗೂ ಡ್ಯಾಂಪಿಂಗ್ ಶೀಟ್ ತುಂಡು ತುಂಡಾಗಿ ಹಚ್ಚಿದೆ. ರೋಲರ್ ಇರಲಿಲ್ಲ. ಲಟ್ಟಣಿಗೆಯಿಂದ ಒತ್ತಿದೆ.

ಗೋಕುಲ ರೋಡ್ ಅವರು ಹೇಳಿದ ಫಿಲ್ಟರ್ ನೋಡಿದರೆ 150 ಹರ್ಟ್ಜಿಗೆ ಇಟ್ಟಿದ್ದರು! ಡಗ್ಗಾ ಬರಬೇಕಾದ ಬಾಗಿಲನ್ನೇ ಹಾಕಿಬಿಟ್ಟಿದ್ದರು. 60ಕ್ಕೆ ತಂದೆ. ಬಾಸ್ ಬೂಸ್ಟ್ ತುದಿಯವರೆಗೆ ಇತ್ತು, ತೆಗೆದೆ. ಈಗ 32ರವರೆಗೆ ಸ್ವಚ್ಛ ಬರುತ್ತದೆ. ಅಷ್ಟು ಜೋರು ನನಗೆ ಬೇಡವೂ ಬೇಡ.

ಕುಂಯ್ ಶಬ್ದ ಒಂದು ಉಳಿದಿದೆ.

ಬ್ಯಾಡಗಿ_ಟ್ಯಾಕ್ಸಿ · ಬುಧವಾರ, ರಾತ್ರಿ 9:50

ಆಕ್ಸ್ ವೈರ್ ಹಚ್ಚಿದಾಗ ಫೋನ್ ಚಾರ್ಜಿಗೂ ಇರುತ್ತದಾ? ಚಾರ್ಜರ್ ಕಿತ್ತು ನೋಡಿ. ನನಗೆ ಹಾಗೇ ಹೋಯಿತು.

ಬೆಟಗೇರಿ_ವೈರಿಂಗ್ · ಬುಧವಾರ, ರಾತ್ರಿ 10:10

ಹೌದು, ಅದೇ ಇರಬೇಕು. ಚಾರ್ಜರಿನ ಅರ್ಥ್ ಒಂದು ದಾರಿ, ಆಕ್ಸ್ ವೈರಿನ ಅರ್ಥ್ ಇನ್ನೊಂದು ದಾರಿ. ಎರಡೂ ಫೋನಿನಲ್ಲಿ ಕೂಡಿ ಒಂದು ಸುತ್ತು ಆಗುತ್ತದೆ. ಆಲ್ಟರ್ನೇಟರಿನ ಗದ್ದಲ ಆ ಸುತ್ತಿನಲ್ಲಿ ಸೇರಿ ಸ್ಪೀಕರಿಗೆ ಬರುತ್ತದೆ. ಅದಕ್ಕೇ ಎಂಜಿನ್ ಏರಿದಂತೆ ಅದೂ ಏರುತ್ತದೆ. ಚಾರ್ಜರ್ ಕಿತ್ತಾಗ ಹೋದರೆ ಬ್ಲೂಟೂತಿನಲ್ಲಿ ಕೇಳಿ, ಇಲ್ಲವೇ ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ, ಆಕ್ಸ್ ವೈರಿನ ನಡುವೆ ಹಾಕಿ. ಬ್ಲೂಟೂತಿನಲ್ಲಿ ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲೆ ಇರಲಿ. ಫೋನ್ ಸಣ್ಣಗಿಟ್ಟು ಸ್ಟೀರಿಯೋ ಏರಿಸಿದರೆ ಸುಯ್ ಅನ್ನುವುದೂ ಜೊತೆಗೆ ಏರುತ್ತದೆ.

ನವನಗರ_ಅಕ್ಕ · ಗುರುವಾರ, ಬೆಳಿಗ್ಗೆ 6:40

ನೀಲಿ ವೈರ್ ಸೇರಿಸಿದರು. ರೇಡಿಯೋ ಬಂತು. ಬೆಟಗೇರಿಯವರಿಗೆ ಕೈ ಮುಗಿಯುತ್ತೇನೆ.

ಸಪ್ತಾಪುರ_ಶ್ರೋತೃ · ಗುರುವಾರ, ರಾತ್ರಿ 8:45

ಚಾರ್ಜರ್ ಕಿತ್ತೆ, ಕುಂಯ್ ನಿಂತಿತು.

ಇವತ್ತು ಸಂಜೆ ಅಣ್ಣಿಗೇರಿಯಿಂದ ಬರುವಾಗ ಅದೇ ಗಂಗೂಬಾಯಿಯವರ ಧ್ವನಿಮುದ್ರಣ ಹಚ್ಚಿದೆ. ರಸ್ತೆಯ ಎರಡೂ ಕಡೆ ಎರೆ ಹೊಲ, ಗಾಜು ಏರಿಸಿದ್ದೆ. ಅವರು ಮಂದ್ರಕ್ಕೆ ಇಳಿದಾಗ ಬಾಗಿಲ ಮೇಲೆ ಇಟ್ಟ ಮೊಣಕೈಗೆ ದನಿ ತಾಗಿತು. ತಬಲಾದವರು ಡಗ್ಗಾದ ಮೇಲೆ ಅಂಗೈ ಜಾರಿಸಿದ್ದು, ಆ ಗುಂಯ್ ಅಂತ ಏರುವ ಎಳೆ, ಪೂರ್ತಿ ಕೇಳಿತು. ಹುಬ್ಬಳ್ಳಿ ಮುಟ್ಟುವವರೆಗೆ ವಾಲ್ಯೂಮ್ 14ರ ಮೇಲೆ ಏರಿಸಲಿಲ್ಲ.

ಎಲ್ಲರಿಗೂ ಮನಸಾರೆ ಧನ್ಯವಾದ. ಸಬ್ ವೂಫರಿಗೆ ಅಂತ ತೆಗೆದಿಟ್ಟ ರೊಕ್ಕ ಹಾಗೇ ಇದೆ.

ಬೆಟಗೇರಿ_ವೈರಿಂಗ್ · ಗುರುವಾರ, ರಾತ್ರಿ 9:05

ಓದಿ ಭಾಳ ಖುಷಿ ಆಯಿತು. ಒಂದು ಮಾತು. ಪರೀಕ್ಷೆ ಮಾಡುವಾಗ ಫೇಡರ್ ಮುಂದಕ್ಕೆ ತರಲು ಹೇಳಿದ್ದೆ. ಈಗಲೂ ಅಲ್ಲೇ ಇದೆಯಾ? ಹಿಂದಿನ ಎರಡು ಸ್ಪೀಕರಿಗೆ ಸೆಲ್ ಹಿಡಿದು ನೋಡಿದಿರಾ? ಅದೇ ಕೈ ಅಲ್ಲೂ ವೈರ್ ಸೇರಿಸಿರುತ್ತದೆ.

ಸಪ್ತಾಪುರ_ಶ್ರೋತೃ · ಗುರುವಾರ, ರಾತ್ರಿ 9:20

ಫೇಡರ್ ಮುಂದೆಯೇ ಇದೆ. ಹಿಂದಿನವನ್ನು ನೋಡಿಯೇ ಇಲ್ಲ. ಭಾನುವಾರ ಸೆಲ್ ಹಿಡಿದು ಬರೆಯುತ್ತೇನೆ.